ಪುಸ್ತಕದ ಪೆಟ್ಟಿಗೆ ಊರಿಗೆಲ್ಲ ಸಲ್ಲಬೇಕಾದರೆ



ಬಿತ್ತನೆಗೆ ಬೀಜ ಸಾಲದೆ ಹೋದಾಗ ಪಕ್ಕದ ಮನೆಯಿಂದ ನಾಲ್ಕು ಸೇರು ತರುವುದು, ಸುಗ್ಗಿಯಾದ ಮೇಲೆ ಅಳೆದು ಹಿಂದಕ್ಕೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ನಾಟಿಗೆ ಆಳು ಸಿಗದಿದ್ದರೆ ಮುಯ್ಯಾಳು ಮಾಡಿಕೊಳ್ಳುತ್ತೇವೆ. ಇಂದು ನಮ್ಮ ಮನೆಯವರು ನಿಮ್ಮ ಗದ್ದೆಗೆ, ನಾಡಿದ್ದು ನಿಮ್ಮ ಮನೆಯವರು ನಮ್ಮ ಗದ್ದೆಗೆ. ಪುಸ್ತಕವನ್ನೂ ಇದೇ ರೀತಿಯಲ್ಲಿ ಕೊಟ್ಟು ತೆಗೆದುಕೊಳ್ಳಬಹುದು. ಓದಿ ಮುಗಿದ ಪುಸ್ತಕ ಅಟ್ಟದ ಮೇಲೋ ಟ್ರಂಕಿನ ತಳದಲ್ಲೋ ಸುಮ್ಮನೆ ಬಿದ್ದಿರುತ್ತದೆ. ಅದನ್ನು ಊರಿನಲ್ಲಿ ಒಂದು ಪೆಟ್ಟಿಗೆಯೊಳಗೆ ಇಟ್ಟರೆ ಇನ್ನೊಬ್ಬರು ಓದುತ್ತಾರೆ. ಅವರು ಇಟ್ಟದ್ದನ್ನು ನಾವು ಓದುತ್ತೇವೆ. ಇದಕ್ಕೆ ಕಟ್ಟಡ ಬೇಡ, ಸಂಬಳದವರು ಬೇಡ, ಬೀಗವೂ ಬೇಡ.

ಹೇಳುವುದಕ್ಕೆ ಇದು ಸುಲಭ. ಆದರೆ ಇಂಥ ಪೆಟ್ಟಿಗೆ ಊರಿನ ಹತ್ತು ಮನೆಗಳ ಸೊತ್ತಾಗಿ ಉಳಿದುಬಿಡುವುದುಂಟು. ಮಿಕ್ಕವರು ಅದರ ಮುಂದೆ ದಿನವೂ ಓಡಾಡುತ್ತಾರೆ, ಕೈ ಮಾತ್ರ ಹಾಕುವುದಿಲ್ಲ. ಜನಕ್ಕೆ ಓದುವ ಆಸೆಯಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಪೆಟ್ಟಿಗೆಯನ್ನು ಎಲ್ಲಿ ಇಟ್ಟಿದ್ದೇವೆ, ಯಾವ ಷರತ್ತು ಹಾಕಿದ್ದೇವೆ, ಯಾರ ಬಾಳಿನ ಪುಸ್ತಕ ಅದರಲ್ಲಿದೆ ಎಂಬುದನ್ನು ಮೊದಲು ನೋಡಬೇಕು.

ಹಳ್ಳಿಗೆ ಪುಸ್ತಕ ತಲುಪಿಸುವ ಪ್ರಯತ್ನ ನಮ್ಮ ದೇಶದಲ್ಲಿ ಹಳೆಯದು. ಬರೋಡ ಸಂಸ್ಥಾನದ ಮಹಾರಾಜರಾಗಿದ್ದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿಕೊಂಡು ಸಂಸ್ಥಾನದಲ್ಲೆಲ್ಲ ವಾಚನಾಲಯಗಳ ವ್ಯವಸ್ಥೆ ಮಾಡಿಸಿದರು. ವಾಚನಾಲಯವಿಲ್ಲದ ಹಳ್ಳಿಗಳಿಗೆ ಪುಸ್ತಕ ತುಂಬಿದ ಮರದ ಪೆಟ್ಟಿಗೆಗಳು ಹೋಗಿ ಬರುತ್ತಿದ್ದವು. ತಮಿಳು ಸೀಮೆಯ ಮನ್ನಾರ್‌ಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಯ ಮೇಲೆಯೇ ಪುಸ್ತಕ ಭಂಡಾರವೊಂದು ಹೊರಟು ಸುತ್ತಲ ಹಳ್ಳಿಗಳನ್ನು ತಿರುಗಿತು. ನಮ್ಮ ಕನ್ನಡದ ಕಾದಂಬರಿಕಾರರಾದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಆ 1931ರಲ್ಲಿಯೇ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. ಇವರು 1957ರಿಂದ ಬೆಂಗಳೂರಿನಲ್ಲಿಯೇ ನೆಲೆಸಿ 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದನ್ನು ಓದುವವನು ಸಿಗಬೇಕು ಎಂಬುದು ಆ ಸೂತ್ರಗಳಲ್ಲಿ ಎರಡು. ಊರ ಪೆಟ್ಟಿಗೆಗೂ ಇದಕ್ಕಿಂತ ಬೇರೆ ಕಾನೂನು ಬೇಕಾಗಿಲ್ಲ.

ಬೀದಿಯಲ್ಲಿ ಪೆಟ್ಟಿಗೆ ನಿಲ್ಲಿಸುವ ಈಗಿನ ಪದ್ಧತಿ ಹರಡಿದ್ದು ಅಮೆರಿಕದಿಂದ. ಅಲ್ಲಿನ ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಎಂಬ ಊರಿನಲ್ಲಿ ಟಾಡ್ ಬೋಲ್ ಎಂಬುವರು 2009ರಲ್ಲಿ, ಉಪಾಧ್ಯಾಯಿನಿಯಾಗಿದ್ದ ತಮ್ಮ ತಾಯಿಯ ನೆನಪಿಗೆ, ಶಾಲೆಯ ಆಕಾರದ ಒಂದು ಪುಟ್ಟ ಪೆಟ್ಟಿಗೆ ಮಾಡಿ ಮನೆಯ ಮುಂದೆ ಕಂಬದ ಮೇಲೆ ನಿಲ್ಲಿಸಿದರು. ಬೇಕಾದವರು ಪುಸ್ತಕ ಒಯ್ಯಬಹುದು, ಇದ್ದವರು ಇಡಬಹುದು ಎಂಬುದೇ ಅದರ ನಿಯಮ. 2020ರ ಹೊತ್ತಿಗೆ ಇಂಥ ಪೆಟ್ಟಿಗೆಗಳು ಲೋಕದಲ್ಲೆಲ್ಲ ಸೇರಿ ಒಂದು ಲಕ್ಷ ದಾಟಿದವು. ಅದೇ ವರ್ಷ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಜನಾಂಗದ ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತಾಗ ಆ ದೇಶವೇ ಅಲ್ಲಾಡಿತು. ಬಳಿಕ ಈ ಪೆಟ್ಟಿಗೆಗಳನ್ನು ನಡೆಸುವ ಸಂಸ್ಥೆಯವರು, ಬಿಳಿಯರ ಕತೆಗಳ ಜೊತೆಗೆ ಕರಿಯರ, ಮೂಲ ನಿವಾಸಿಗಳ, ವಲಸೆ ಬಂದವರ ಬಾಳನ್ನು ಹೇಳುವ ಪುಸ್ತಕಗಳನ್ನೂ ಬೇಕೆಂದೇ ತಂದು ತುಂಬುವ ಕೆಲಸವನ್ನು ಆ ನಗರದ ಆಸುಪಾಸಿನಿಂದಲೇ ಪ್ರಾರಂಭಿಸಿದರು. ರೂಡೀನ್ ಸಿಮ್ಸ್ ಬಿಷಪ್ ಎಂಬ ವಿದ್ವಾಂಸೆ 1990ರಲ್ಲಿಯೇ ಈ ವಿಚಾರವನ್ನು ಬರೆದಿದ್ದರು. ಆಕೆಯ ಅಭಿಪ್ರಾಯದಲ್ಲಿ ಪುಸ್ತಕವು ಒಬ್ಬನಿಗೆ ತನ್ನ ಮುಖ ಕಾಣುವ ಕನ್ನಡಿ, ಇನ್ನೊಬ್ಬನಿಗೆ ಪಕ್ಕದವರ ಬಾಳು ಕಾಣುವ ಕಿಟಕಿ. ಕೆಲವು ಮಕ್ಕಳಿಗೆ ಬರೀ ಕನ್ನಡಿಗಳು ಸಿಕ್ಕಿ, ಇನ್ನು ಕೆಲವರಿಗೆ ಒಂದು ಕನ್ನಡಿಯೂ ಸಿಗದಿದ್ದರೆ ಇಬ್ಬರಿಗೂ ನಷ್ಟವೆಂದು ಆಕೆಯ ವಾದ.

ಆ ದೇಶದ ಮಾತು ನಮಗೇಕೆಂದು ಕೇಳಬಹುದು. ನಮ್ಮ ಊರುಗಳಲ್ಲಿ ಊರು ಬೇರೆ, ಕೇರಿ ಬೇರೆ. ತಾಂಡಾ ಇನ್ನೂ ಆಚೆ. ಮುಸ್ಲಿಮರ ಬೀದಿ ಒಂದು ಕಡೆ. ಕಬ್ಬು ಕಡಿಯಲು, ತೋಟದ ಕೆಲಸಕ್ಕೆ ಬಂದು ಗುಡಿಸಲು ಹಾಕಿಕೊಂಡವರು ಮತ್ತೊಂದು ಕಡೆ. ಒಬ್ಬರ ಮನೆಯೊಳಗಿನ ಕಷ್ಟಸುಖ ಇನ್ನೊಬ್ಬರಿಗೆ ಗೊತ್ತಿರುವುದು ಕಡಿಮೆ. ಅಂದಮೇಲೆ ಈ ಮಾತು ನಮಗೆ ಹೊರಗಿನದೇನೂ ಅಲ್ಲ.

ಮೊದಲು ಜಾಗದ ವಿಚಾರ. ಒಂದು ಹಳ್ಳಿಯಲ್ಲಿ ಯುವಕ ಸಂಘದವರು ಬಹಳ ಉತ್ಸಾಹದಿಂದ ಪೆಟ್ಟಿಗೆ ಮಾಡಿಸಿ ದೇವಸ್ಥಾನದ ಜಗಲಿಯ ಮೇಲೆ ಇಟ್ಟರು. ನೆರಳಿತ್ತು, ಮಳೆಯ ಭಯವಿರಲಿಲ್ಲ, ಊರಿಗೆ ನಡುಮಧ್ಯೆ. ಆದರೂ ಕೇರಿಯ ಹುಡುಗರು ಆ ಕಡೆ ಸುಳಿಯಲಿಲ್ಲ. ಯಾರೂ ಅವರನ್ನು ಬೇಡವೆಂದು ತಡೆದಿರಲಿಲ್ಲ. ಬನ್ನಿ ಎಂದು ಕರೆದವರೂ ಇರಲಿಲ್ಲ. ಜಗಲಿ ಹತ್ತುವ ಅಭ್ಯಾಸವೇ ಇಲ್ಲದವನು ಪುಸ್ತಕಕ್ಕಾಗಿ ಹತ್ತುತ್ತಾನೆಯೆ? ಹೆಂಗಸರೂ ಅಷ್ಟೆ, ಗಂಡಸರು ಕಾಲು ಚಾಚಿ ಕುಳಿತಿರುವ ಕಡೆ ಹೋಗಿ ಪುಸ್ತಕ ಆರಿಸುತ್ತ ನಿಲ್ಲುವುದು ಅವರಿಗೆ ಸಂಕೋಚ. ಕೆಲವು ತಿಂಗಳ ಮೇಲೆ ಅದೇ ಪೆಟ್ಟಿಗೆಯನ್ನು ಹಾಲಿನ ಡೈರಿಯ ಗೋಡೆಗೆ ಬದಲಾಯಿಸಿದರು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಎಲ್ಲ ಬೀದಿಯವರೂ ಸಾಲು ನಿಲ್ಲುವ ಜಾಗ ಅದು. ಹಾಲು ಅಳೆಯುವಷ್ಟು ಹೊತ್ತಿನಲ್ಲಿ ಪುಸ್ತಕ ತಿರುವಿ ನೋಡಲು ಪ್ರಾರಂಭಿಸಿದವರಲ್ಲಿ ಹೆಂಗಸರೇ ಮುಂದು.

ಆದರೆ ಡೈರಿಗೆ ಹಸುವಿಲ್ಲದ ಮನೆಯವರು ಬರುವುದಿಲ್ಲ. ನ್ಯಾಯಬೆಲೆ ಅಂಗಡಿಗೆ ಹೆಚ್ಚುಕಡಿಮೆ ಎಲ್ಲರೂ ಬರುತ್ತಾರೆ, ಆದರೆ ತಿಂಗಳಿಗೊಮ್ಮೆ. ಬಸ್ಸಿನ ತಂಗುದಾಣ, ಅಂಗನವಾಡಿ, ಹಿಟ್ಟಿನ ಗಿರಣಿ, ಹೀಗೆ ಒಂದೊಂದಕ್ಕೂ ಒಂದೊಂದು ಅನುಕೂಲ, ಒಂದೊಂದು ಕೊರತೆ ಉಂಟು. ನಮ್ಮ ಊರಿನಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ, ಯಾರಿಗೂ ತಲೆ ತಗ್ಗಿಸದೆ ಎಲ್ಲರೂ ಕಾಲಿಡುವ ಜಾಗ ಯಾವುದು ಎಂದು ಒಮ್ಮೆ ಯೋಚಿಸಿದರೆ ಉತ್ತರ ತಾನಾಗಿ ಸಿಗುತ್ತದೆ. ಖರ್ಚು ಹೆಚ್ಚಿಲ್ಲವಾದುದರಿಂದ ಸಾಧ್ಯವಾದರೆ ಎರಡು ಪೆಟ್ಟಿಗೆ ಮಾಡಿ, ಒಂದನ್ನು ಕೇರಿಯಲ್ಲೋ ತಾಂಡಾದಲ್ಲೋ ಇಟ್ಟು, ಎರಡರ ಪುಸ್ತಕಗಳನ್ನೂ ತಿಂಗಳಿಗೊಮ್ಮೆ ಅದಲು ಬದಲು ಮಾಡುವುದು ಉತ್ತಮ. ಕೇರಿಗೆ ಬೇರೆ, ಊರಿಗೆ ಬೇರೆ ಎಂದು ಪುಸ್ತಕ ಹಂಚಿಬಿಟ್ಟರೆ ಪೆಟ್ಟಿಗೆ ಇಟ್ಟ ಉದ್ದೇಶವೇ ಹಾಳು. ಆದುದರಿಂದ ಅದಲು ಬದಲಿನ ಕೆಲಸ ತಪ್ಪಬಾರದು.

ಇನ್ನು ಷರತ್ತು. ‘ಒಂದು ಕೊಟ್ಟು ಒಂದು ತೆಗೆದುಕೊಳ್ಳಿ’ ಎಂದು ಪೆಟ್ಟಿಗೆಯ ಮೇಲೆ ಬರೆಯುವುದು ರೂಢಿ. ವಿನಿಮಯವೆಂದರೆ ಅದೇ ತಾನೆ ಎಂದು ತೋರುತ್ತದೆ. ಆದರೆ ಈ ಒಂದು ಸಾಲು ಎಷ್ಟು ಜನರನ್ನು ಹೊರಗೆ ನಿಲ್ಲಿಸುತ್ತದೆಂದು ನೋಡಿ. ಕೂಲಿಗೆ ಹೋಗುವ ಒಬ್ಬ ತಾಯಿಗೆ ಈ ಏರ್ಪಾಟನ್ನು ನಾನು ವಿವರಿಸುತ್ತಿದ್ದಾಗ ಆಕೆ, “ನಮ್ಮನೇಲಿ ಕೊಡಾಕೆ ಪುಸ್ತಕ ಎಲ್ಲೈತೆ ಸಾರ್? ಹುಡುಗಿ ಸ್ಕೂಲಿಂದು ಬಿಟ್ರೆ ಒಂದು ಹಾಳೇನೂ ಇಲ್ಲ” ಎಂದರು. ಯಾರ ಮನೆಯಲ್ಲಿ ಪುಸ್ತಕವಿಲ್ಲವೋ ಅವರಿಗಾಗಿಯೇ ಮಾಡಿದ ಪೆಟ್ಟಿಗೆಯಿಂದ ಅವರೇ ತೆಗೆದುಕೊಳ್ಳುವಂತಿಲ್ಲವೆಂದರೆ ಏನರ್ಥ? ಬೀಜವಿಲ್ಲದವನಿಗೆ ತಾನೆ ಬೀಜದ ಸಾಲ ಬೇಕಾಗುವುದು.

ಆದುದರಿಂದ ಪೆಟ್ಟಿಗೆಯ ಮೇಲೆ ಬೇರೆ ರೀತಿ ಬರೆಯಬೇಕು. ‘ಬೇಕಾದುದನ್ನು ಒಯ್ಯಿರಿ, ಓದಿ ಹಿಂದಕ್ಕೆ ಇಡಿರಿ, ನಿಮ್ಮಲ್ಲಿ ಇದ್ದರೆ ಒಂದು ಸೇರಿಸಿರಿ’ ಎಂದರೆ ಸಾಕು. ಹೆಸರು ಬರೆಸುವ ರಿಜಿಸ್ಟರು, ಠೇವಣಿ, ದಂಡ ಯಾವುದೂ ಬೇಡ. ಸಹಿ ಹಾಕೆಂದರೆ ಹೆಬ್ಬೆಟ್ಟಿನವರು ಹಿಂದೆ ಸರಿಯುತ್ತಾರೆ. ಅವರ ಮನೆಯ ಮಕ್ಕಳೂ ಅವರ ಹಿಂದೆಯೇ ಸರಿಯುತ್ತಾರೆ. ಪುಸ್ತಕ ಕಳೆದುಹೋಗುವುದಿಲ್ಲವೆ ಎಂದು ಕೇಳುವವರುಂಟು. ಮೊದಮೊದಲು ಕೆಲವು ಹೋಗುತ್ತವೆ, ನಿಜ. ಹೋದ ಪುಸ್ತಕ ಹೆಚ್ಚಾಗಿ ಯಾವುದೋ ಮನೆಯ ಗೂಡಿನಲ್ಲಿ ಇರುತ್ತದೆ. ಅಲ್ಲಿ ಇನ್ನಿಬ್ಬರು ಓದುತ್ತಿರುತ್ತಾರೆ. ಅದನ್ನು ಕಳವೆಂದು ಎಣಿಸುವ ಅಗತ್ಯವಿಲ್ಲ.

ಪೆಟ್ಟಿಗೆ ತುಂಬುವಾಗ ಇನ್ನೊಂದು ತೊಂದರೆ. ದಾನ ಕೊಡಿರೆಂದರೆ ಮನೆಯವರು ಮೊದಲು ಹೊರಗೆ ಹಾಕುವುದು ತಮಗೆ ಬೇಡವಾದುದನ್ನು: ಹರಿದ ಗೈಡು, ಹೋದ ವರ್ಷದ ಪಂಚಾಂಗ, ಬೀಜದ ಕಂಪನಿಯ ಕ್ಯಾಲೆಂಡರು. ಇವನ್ನು ನಯವಾಗಿ ಹಿಂದಕ್ಕೆ ಕಳುಹಿಸಬೇಕು. ಹಳೆಯ ಕೃಷಿ ಪುಸ್ತಿಕೆಗಳನ್ನಂತೂ ಒಂದೊಂದಾಗಿ ನೋಡಿಯೇ ಒಳಗೆ ಇಡತಕ್ಕದ್ದು. ಎಂಡೋಸಲ್ಫಾನ್ ಹೊಡೆಯಿರೆಂದು ಸಲಹೆ ಕೊಡುವ ಪುಸ್ತಿಕೆಗಳು ಇನ್ನೂ ಅಟ್ಟದ ಮೇಲಿವೆ. ಆ ವಿಷವನ್ನು ಸುಪ್ರೀಂ ಕೋರ್ಟು 2011ರಲ್ಲಿ ದೇಶದಲ್ಲೆಲ್ಲ ನಿಷೇಧಿಸಿದೆ. ಕಾನೂನಿನ ಪುಸ್ತಕವೂ ಹೀಗೆಯೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಪಾಲು ಬರುವಂತೆ ಕರ್ನಾಟಕವು 1994ರಲ್ಲಿಯೂ ಕೇಂದ್ರ ಸರ್ಕಾರವು 2005ರಲ್ಲಿಯೂ ತಿದ್ದುಪಡಿ ಮಾಡಿವೆ. ಅದಕ್ಕೂ ಹಿಂದಿನ ಪುಸ್ತಕ ಒಬ್ಬ ಹೆಣ್ಣುಮಗಳ ಕೈಗೆ ಸಿಕ್ಕಿದರೆ ತನಗೇನೂ ಇಲ್ಲವೆಂದು ಓದಿ ಆಕೆ ಸುಮ್ಮನಾಗಬಹುದು. ಹೊಸದನ್ನು ಬೇಕೆಂದೇ ತರಿಸಿ ಇಡಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆಯಲ್ಲಿ ಯಾರ ಬಾಳು ಇರಬೇಕು?

ರಾಗಿ ಹೊಲದಲ್ಲಿ ನಾವು ಅಕ್ಕಡಿ ಸಾಲು ಹಾಕುತ್ತೇವೆ. ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಹರಳು ಎಲ್ಲವೂ ಒಂದೇ ಹೊಲದಲ್ಲಿ ಬೆಳೆಯುತ್ತವೆ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ನಿಲ್ಲುತ್ತದೆ, ಬೇಳೆಗೂ ಎಣ್ಣೆಗೂ ಆಗುತ್ತದೆ, ನೆಲಕ್ಕೂ ಒಳ್ಳೆಯದು. ಪೆಟ್ಟಿಗೆಯನ್ನೂ ಹೀಗೆಯೇ ತುಂಬಬಹುದು.

ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯಿಂದ ಪ್ರಾರಂಭಿಸಿದರೆ ರೈತರಿಗೆ ಹತ್ತಿರವಾಗುತ್ತದೆ. ಎತ್ತುಗಳನ್ನು ಸಾಕಿಕೊಂಡು, ತುಂಡು ನೆಲವಾದರೂ ಸ್ವಂತವಾಗಿ ಉಳಬೇಕೆಂದು ಆಸೆಪಟ್ಟ ಜೀತದಾಳು ಚೋಮನ ಕತೆ ಅದು. ಉಳುವ ಯೋಗ್ಯತೆ ಅವನಿಗಿತ್ತು; ಉಳಬಾರದ ಜಾತಿಯಲ್ಲಿ ಹುಟ್ಟಿದ್ದ. ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ, ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ತಾವು ಬಾಲಕರಾಗಿದ್ದಾಗ ಕಂಡ ಒಂದು ನೋಟವನ್ನು ಹೇಳುತ್ತಾರೆ. ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲಿಗೆ ನೊಗ ಕಟ್ಟಿಕೊಂಡು ಎಳೆಯುತ್ತಿದ್ದರು. ಅವರಲ್ಲಿ ಒಬ್ಬರು ಅವರ ತಂದೆ. ನೇಗಿಲು ಹಿಡಿದ ಯಾರಿಗೇ ಆಗಲಿ ಆ ನೊಗದ ಭಾರ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಪುಸ್ತಕ ಇಟ್ಟರೆ ಊರಿನಲ್ಲಿ ಮನಸ್ತಾಪ ಬಂದೀತು ಎಂದು ಹಿರಿಯರೊಬ್ಬರು ನನ್ನಲ್ಲಿ ಹೇಳಿದ್ದುಂಟು. ಅವರ ಅಂಜಿಕೆ ಸುಳ್ಳಲ್ಲ, ಆದರೆ ನನಗೆ ಒಪ್ಪಿಗೆಯಿಲ್ಲ. ನೋವು ಇರುವುದು ಪುಸ್ತಕದಲ್ಲಲ್ಲ, ಹೊಲದಲ್ಲಿ. ಪುಸ್ತಕ ಅದನ್ನು ಹೇಳುತ್ತದೆ ಅಷ್ಟೆ. ನಮ್ಮ ಕಡೆಯ ಪೆಟ್ಟಿಗೆಯೊಂದರಿಂದ ‘ಊರುಕೇರಿ’ಯನ್ನು ಮೊದಲು ಒಯ್ದವರು ಅರವತ್ತು ದಾಟಿದ ಒಬ್ಬ ಜಮೀನುದಾರರು. ತಿಂಗಳಾದರೂ ಹಿಂದಕ್ಕೆ ಬರಲಿಲ್ಲ. ಕೇಳಿದಾಗ, “ಓದಾಯ್ತು ಕಣಪ್ಪ. ಈಗ ಸೊಸೆ ತಗೊಂಡವ್ಳೆ, ಅವಳು ಮುಗಿಸ್ಲಿ” ಎಂದರು. ಅದಕ್ಕಿಂತ ಹೆಚ್ಚಿಗೆ ಅವರು ಆ ವಿಷಯ ಮಾತನಾಡಲಿಲ್ಲ, ನಾನೂ ಕೆದಕಲಿಲ್ಲ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮುಸ್ಲಿಂ ಮನೆಯ ಒಬ್ಬ ಹೆಣ್ಣುಮಗಳು ತಂದೆಯ ಹಟಕ್ಕೂ ತಲಾಖಿನ ಕಟ್ಟಳೆಗೂ ಸಿಕ್ಕಿ ನಲುಗಿದ ಕತೆ. ಬೀದಿ ಬೇರೆಯಾದರೂ ತವರು, ಗಂಡನ ಮನೆ ಎಂಬ ಎರಡರ ಮಧ್ಯದ ಸಂಕಟ ನಮ್ಮ ಯಾವ ಹೆಂಗಸಿಗೂ ಅಪರಿಚಿತವಲ್ಲ. ಹಾಸನದ ವಕೀಲರೂ ಲೇಖಕಿಯೂ ಆದ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಕನ್ನಡದ ಪುಸ್ತಕಕ್ಕೆ ಆ ಬಹುಮಾನ ಬಂದುದು ಅದೇ ಮೊದಲು. ಲಂಡನ್ನಿನವರು ಓದಿದ ಕತೆ ಪಕ್ಕದ ತಾಲ್ಲೂಕಿನವರು ಓದದಿದ್ದರೆ ಹೇಗೆ?

ಜೋಗತಿ ಮಂಜಮ್ಮನವರ ಕುಣಿತವನ್ನು ಅನೇಕರು ನೋಡಿರಬಹುದು. ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಿತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಅವರ ಜೀವನ ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕವಾಗಿದೆ. ಹಬ್ಬದಲ್ಲಿ ಕೈಮುಗಿದು, ಮಾರನೆಯ ದಿನ ನಕ್ಕು ಆಡಿಕೊಳ್ಳುವ ನಮ್ಮ ಅಭ್ಯಾಸವನ್ನು ನೆನೆದುಕೊಂಡು ಇದನ್ನು ಓದಬೇಕು. ಇನ್ನು ನಾ. ಡಿಸೋಜರ ‘ಮುಳುಗಡೆ’, ಅಣೆಕಟ್ಟಿನ ನೀರಿಗೆ ಹೊಲಮನೆ ಬಿಟ್ಟುಕೊಟ್ಟವರ ಪಾಡು. ಅಂಥ ನೀರಿನಿಂದಲೇ ಗದ್ದೆ ಮಾಡುವ ನಾವು ಅದರ ಬೆಲೆ ಕೊಟ್ಟವರು ಯಾರೆಂದು ತಿಳಿಯುವುದು ನ್ಯಾಯ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಯಾವ ಕಾರಣವನ್ನೂ ಹೇಳದೆ ಇಡಬಹುದು. ಜೇನು ಹುಡುಕುವ ಮಂದಣ್ಣನನ್ನು ಮೆಚ್ಚದ ರೈತನನ್ನು ನಾನು ಈವರೆಗೆ ಕಂಡಿಲ್ಲ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯ ಹಳೆಯ ಸಂಚಿಕೆಗಳು ಸಿಕ್ಕಿದರೆ ಬಿಡಬೇಡಿ, ಬೆಳೆಗಾರರೇ ಬೆಳೆಗಾರರಿಗಾಗಿ ಬರೆಯುವ ಪತ್ರಿಕೆ ಅದು. ಊರಿನಲ್ಲಿ ಉರ್ದು, ತೆಲುಗು, ತಮಿಳು ಓದುವವರಿದ್ದರೆ ಆ ಭಾಷೆಯವೂ ನಾಲ್ಕು ಇರಲಿ. ದೊಡ್ಡ ಅಕ್ಷರದ ಮಕ್ಕಳ ಪುಸ್ತಕಗಳು ಎಷ್ಟಿದ್ದರೂ ಸಾಲದು. ಹೊಸದಾಗಿ ಓದು ಕಲಿತ ದೊಡ್ಡವರೂ, ಕಣ್ಣು ಮಂಜಾದ ಮುದುಕರೂ ಸದ್ದಿಲ್ಲದೆ ಅವನ್ನೇ ಒಯ್ಯುತ್ತಾರೆ.

2011ರ ಜನಗಣತಿಯಂತೆ ಕರ್ನಾಟಕದ ಹಳ್ಳಿಗಳಲ್ಲಿ ಓದು ಬಲ್ಲವರು ನೂರಕ್ಕೆ ಸುಮಾರು 69. ಹೆಂಗಸರಲ್ಲಿ ಸುಮಾರು 60. ಓದು ಬಾರದ ಮಿಕ್ಕವರಿಗೆ ಪೆಟ್ಟಿಗೆಯಿಂದ ಏನು ಪ್ರಯೋಜನ? ಜೈಮಿನಿ ಭಾರತವನ್ನೋ ಕುಮಾರವ್ಯಾಸನ ಭಾರತವನ್ನೋ ಒಬ್ಬರು ಓದಿ, ಇನ್ನೊಬ್ಬರು ಅರ್ಥ ಹೇಳಿ, ಊರೆಲ್ಲ ಕೇಳುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಅಕ್ಷರ ಬಾರದಿದ್ದರೂ ಕತೆ ಬಾಯಿಪಾಠವಿದ್ದವರು ಆಗ ಎಷ್ಟೋ ಜನ. ವಾರಕ್ಕೊಂದು ಸಂಜೆ ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಅರ್ಧ ಗಂಟೆ ಹೈಸ್ಕೂಲು ಹುಡುಗಿಯೊಬ್ಬಳು ಪೆಟ್ಟಿಗೆಯ ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಸಾಕು. ಕಣ್ಣು ಕಾಣದವರಿಗಾಗಿ ಅದನ್ನೇ ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿಸಬಹುದು.

ಪಂಚಾಯಿತಿಯ ಗ್ರಂಥಾಲಯ ಇರುವಾಗ ಇದೆಲ್ಲ ಏಕೆಂದು ಕೆಲವರ ಪ್ರಶ್ನೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವಕ್ಕೆ ಅರಿವು ಕೇಂದ್ರವೆಂದು ಹೆಸರು. ಅಲ್ಲಿ ಬೆಲೆಯುಳ್ಳ ಪುಸ್ತಕಗಳಿವೆ, ಅದರ ಸದುಪಯೋಗವನ್ನು ಎಲ್ಲರೂ ಪಡೆಯಬೇಕು. ಆದರೆ ಒಂದು ಪಂಚಾಯಿತಿಗೆ ಐದಾರು ಹಳ್ಳಿಗಳಿರುತ್ತವೆ, ಗ್ರಂಥಾಲಯ ಸಾಮಾನ್ಯವಾಗಿ ಪಂಚಾಯಿತಿಯ ಊರಿನಲ್ಲಿರುತ್ತದೆ. ಮೂರು ಮೈಲಿ ಆಚೆಯ ಹುಡುಗಿ ಸಂಜೆ ನಡೆದು ಹೋಗಿ ಬರಲಾರಳು. ಪೆಟ್ಟಿಗೆ ಇರಬೇಕಾದುದು ಅಂಥ ಊರಿನಲ್ಲಿ. ಹೊಸ ಪುಸ್ತಕ ಕೊಳ್ಳಲು ಕನ್ನಡ ಪುಸ್ತಕ ಪ್ರಾಧಿಕಾರದವರು ರಿಯಾಯಿತಿ ಕೊಡುತ್ತಾರೆ; ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳೂ ಸೋವಿ.

ಪೆಟ್ಟಿಗೆಯನ್ನು ಊರಿನ ಬಡಗಿಯಿಂದಲೇ ಮಾಡಿಸಬಹುದು. ಎರಡು ಅಡಿ ಅಗಲ, ಎರಡು ಅಡಿ ಎತ್ತರ, ಒಂದು ಅಡಿ ಆಳ ಇದ್ದರೆ ಐವತ್ತು ಪುಸ್ತಕ ಹಿಡಿಯುತ್ತದೆ. ತಳಭಾಗವನ್ನು ಚಿಕ್ಕ ಮಕ್ಕಳ ಕೈಗೆ ಎಟಕುವಷ್ಟು ಎತ್ತರದಲ್ಲಿ ನಿಲ್ಲಿಸಿ. ಮೇಲೆ ತಗಡನ್ನು ಇಳಿಜಾರಾಗಿ ಹೊಡೆಸಿ, ಮುಂದಕ್ಕೆ ಒಂದು ಗೇಣು ಚಾಚಿಸಿ. ಮುಂಗಾರಿನ ಇರಚಲು ಪಡುವಣದಿಂದ ಬರುವುದರಿಂದ ಬಾಗಿಲು ಮೂಡಲಿಗೆ ಇರಲಿ. ಮರದ ಕಂಬವನ್ನು ಮಣ್ಣಿನಲ್ಲಿ ಹೂತರೆ ಗೆದ್ದಲು ಹತ್ತುತ್ತದೆ. ಕಲ್ಲುಕಂಬಕ್ಕೋ ಗೋಡೆಗೋ ಬಿಗಿಯುವುದು ಮೇಲು. ಹಾಳೆ ತಿನ್ನುವ ಬೆಳ್ಳಿ ಬಣ್ಣದ ಸಣ್ಣ ಹುಳಕ್ಕೆ ಒಣಗಿದ ಬೇವಿನ ಸೊಪ್ಪನ್ನೋ ಬಜೆ ಬೇರಿನ ತುಂಡನ್ನೋ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಹೊಲಕ್ಕೆ ತಂದ ಪುಡಿ ಔಷಧಿಯನ್ನು ಮಾತ್ರ ಎಂದಿಗೂ ಉದುರಿಸಬೇಡಿ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುವವರು ನಮ್ಮಲ್ಲಿ ಬಹಳ. ಮಕ್ಕಳಂತೂ ಪುಸ್ತಕವನ್ನೇ ಬಾಯಿಗೆ ಇಡುತ್ತಾರೆ.

ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ನೋಡಿಕೊಳ್ಳಲು ಇಬ್ಬರನ್ನು ಆರಿಸಿ. ಒಬ್ಬರು ಊರಿನಿಂದ, ಒಬ್ಬರು ಕೇರಿಯಿಂದ, ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಕಿತ್ತುಹೋದ ರಟ್ಟಿಗೆ ಗೋಂದು ಹಚ್ಚುವುದು, ಮುಟ್ಟದೆ ಉಳಿದುದನ್ನು ಪಕ್ಕದ ಊರಿನ ಪೆಟ್ಟಿಗೆಗೆ ಕಳುಹಿಸುವುದು, ಅಲ್ಲಿಂದ ಬದಲಿ ತರುವುದು ಅವರ ಕೆಲಸ. ಪೆಟ್ಟಿಗೆ ಮಾಡಿಸಬೇಕೆಂದಿರುವ ಊರಿನವರು ಮಳೆಗೆ ಮುಂಚೆಯೇ ಮರ ಕೊಯ್ಯಿಸಿ ಒಣಗಿಸಿಕೊಳ್ಳಿ. ಹಸಿ ಹಲಗೆಯಲ್ಲಿ ಮಾಡಿದರೆ ಬಾಗಿಲು ಸೊಟ್ಟಗಾಗುತ್ತದೆ.